ಊಟದ ಮೇಜಿಗೆ ಬೆಲೆ ಕಟ್ಟುವ ಮುನ್ನ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಮನೆ ಬದಲಾಯಿಸುವವರ ಗಡಿಬಿಡಿಯೂ ಶುರು. ಮಗಳಿಗೆ ಬೇರೆ ಊರಿನಲ್ಲಿ ಕಾಲೇಜು ಸಿಕ್ಕಿದೆ, ಹೊಸ ಬಾಡಿಗೆ ಮನೆಯಲ್ಲಿ ಜಾಗ ಕಡಿಮೆ. ಆಗ ಎಲ್ಲರ ಕಣ್ಣು ಬೀಳುವುದು ನಡುಮನೆಯನ್ನು ಆಕ್ರಮಿಸಿ ಕುಳಿತ ಊಟದ ಮೇಜು ಮತ್ತು ಆರು ಕುರ್ಚಿಗಳ ಮೇಲೆ. ಹೆಸರಿಗಷ್ಟೇ ಅದು ಊಟದ ಮೇಜು. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಊಟಕ್ಕಿಂತ ಹೆಚ್ಚು ನಡೆದಿರುವುದು ಹೋಂವರ್ಕು. ಶಾಯಿ ಕಲೆ, ಕೈವಾರದ ಮೊನೆ ಚುಚ್ಚಿದ ತೂತುಗಳೇ ಅದಕ್ಕೆ ಸಾಕ್ಷಿ.

ಹಳೇ ಸಾಮಾನಿನ ವ್ಯಾಪಾರಿ ಆ ಗಾಯಗಳನ್ನೇ ತೋರಿಸಿ ಒಟ್ಟಿಗೆ ಒಂದು ಮೊತ್ತ ಹೇಳುತ್ತಾನೆ. ಕಾಲೇಜು ಶುಲ್ಕದ ಚಿಂತೆಯಲ್ಲಿರುವ ಅಪ್ಪ ತಲೆಯಾಡಿಸಿಬಿಡುತ್ತಾರೆ. ಅದಕ್ಕೆ ಮೊದಲು ಯಾರಾದರೂ ಮೇಜಿನ ಕೆಳಗೆ ನುಸುಳಿ ನೋಡಬೇಕು. ಈ ಕೆಲಸಕ್ಕೆ ಮಕ್ಕಳೇ ಸರಿ.

ಹಲಗೆಯ ಮೇಲ್ಭಾಗದಲ್ಲಿ ಕಾಣುವ ಗಂಟು ಅಡಿಯಲ್ಲೂ ಕಾಣುತ್ತದೆಯೇ? ಉದ್ದಕ್ಕೆ ಹರಿದ ಗೆರೆಗಳು ತುದಿಯ ಅಂಚಿನಲ್ಲಿ ವರ್ಷದ ಬಳೆಗಳಾಗಿ ಬಾಗುತ್ತವೆಯೇ? ಹಾಗಿದ್ದರೆ ಅದು ಅಪ್ಪಟ ಮರ. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದು, ಅಡಿಯಲ್ಲಿ ಬೇರೆಯೇ ಗೆರೆಗಳಿದ್ದರೆ ಪ್ಲೈವುಡ್ ಮೇಲೆ ತೆಳು ಪದರ ಹೊದಿಸಿದ್ದಿರಬಹುದು. ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಣ್ಣ ಬಿರುಕು ಕಂಡರೆ ಗಾಬರಿ ಬೇಡ. ಗಟ್ಟಿಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ, ಒಣಹವೆಯಲ್ಲಿ ಕುಗ್ಗುತ್ತದೆ. ಆದರೆ ಕಾಲಿನ ಬುಡದಲ್ಲಿ ಸಣ್ಣ ಹಿಟ್ಟು ಉದುರಿದ್ದರೆ ಕುಟ್ಟೆಹುಳುವಿನ ಕೆಲಸ. ಅದನ್ನು ಮುಚ್ಚಿಟ್ಟು ಮಾರುವುದು ಮೋಸ. ತೇಗದ ಚೇಗಿಗೆ ಸ್ವಭಾವತಃ ಹುಳು ಸುಲಭವಾಗಿ ಹತ್ತದು. ಹೊರಭಾಗದ ಬಿಳಿಮರಕ್ಕೆ ಆ ಭಾಗ್ಯವಿಲ್ಲ.

ಇನ್ನು ಲೆಕ್ಕ. ಮರವನ್ನು ಅಳೆಯುವುದು ಘನ ಅಡಿಯಲ್ಲಿ. 5 ಅಡಿ ಉದ್ದ, 3 ಅಡಿ ಅಗಲ, 1 ಅಂಗುಲ ದಪ್ಪದ ಹಲಗೆಯೆಂದರೆ 15ನ್ನು 12ರಿಂದ ಭಾಗಿಸಿ 1.25 ಘನ ಅಡಿ. 3 ಅಂಗುಲ ಚೌಕದ, ಎರಡೂವರೆ ಅಡಿ ಎತ್ತರದ ನಾಲ್ಕು ಕಾಲಿಗೆ ಸುಮಾರು 0.62. ಕಾಲುಗಳನ್ನು ಸುತ್ತ ಹಿಡಿದಿರುವ 4 ಅಂಗುಲದ ಪಟ್ಟಿಗಳು ಒಟ್ಟು 14 ಅಡಿಯಾದರೆ ಇನ್ನೂ 0.39. ಅಂತೂ ಎರಡೂಕಾಲು ಘನ ಅಡಿ ಮರ. ತೇಗವಾದರೆ ಒಂದು ಘನ ಅಡಿ ಸುಮಾರು 18 ಕಿಲೋ ತೂಗುವುದರಿಂದ, ಇಂಥ ಮೇಜು 40 ಕಿಲೋ ಆಸುಪಾಸಿರಬೇಕು. ಬೀಟೆಯಾದರೆ ಇನ್ನೂ ಭಾರ. ಒಬ್ಬರೇ ಸಲೀಸಾಗಿ ಎತ್ತಿದರೆ ಮರದ ಬಗ್ಗೆ ಅನುಮಾನ ಪಡಬಹುದು!

ಟಿಂಬರ್ ಡಿಪೋದಲ್ಲಿ ಅದೇ ಮರದ ಅಂದಿನ ದರ ವಿಚಾರಿಸಿ ಗುಣಿಸಿದರೆ ಒಂದು ಅಳತೆಗೋಲು ಸಿಗುತ್ತದೆ. ಅಷ್ಟೂ ಹಣ ಕೈಗೆ ಬರುತ್ತದೆಂದಲ್ಲ. ವ್ಯಾಪಾರಿಗೆ ಸಾಗಣೆ, ಪಾಲಿಶ್, ಅಂಗಡಿ ಬಾಡಿಗೆಯ ಖರ್ಚಿದೆ. ಕೊಳ್ಳುವವರು ಸಿಗುವತನಕ ಅವನು ಕಾಯಲೂಬೇಕು. ಆದರೆ ಅಪ್ಪಟ ತೇಗವನ್ನು ಸೌದೆಯ ಬೆಲೆಗೆ ಕೇಳಿದಾಗ ಆಗದು ಎನ್ನಲು ಈ ಕಾಗದದ ಚೀಟಿ ಧೈರ್ಯ ಕೊಡುತ್ತದೆ. ಪುರುಸೊತ್ತಿದ್ದರೆ ನೇರವಾಗಿ ಮತ್ತೊಂದು ಸಂಸಾರಕ್ಕೆ ಮಾರುವುದೇ ಮೇಲು.

ಕುರ್ಚಿಗಳ ಕಥೆ ಬೇರೆ. ಅವುಗಳಲ್ಲಿ ಮರಕ್ಕಿಂತ ಕೂಲಿ ಹೆಚ್ಚು, ಘನ ಅಡಿಯ ಲೆಕ್ಕ ಅಲ್ಲಿ ನಡೆಯದು. ಕೊಳ್ಳಲು ಬಂದವರು ಮೊದಲು ಬೆನ್ನು ಹಿಡಿದು ಅಲುಗಾಡಿಸುತ್ತಾರೆ. ಸಡಿಲಾಗಿದ್ದರೆ ಮೊಳೆ ಹೊಡೆಯಬಾರದು, ಮರ ಸೀಳುತ್ತದೆ. ಕೀಲು ಬಿಡಿಸಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಚ್ಚಿ, ಹಗ್ಗದಿಂದ ಬಿಗಿದು ಒಂದು ರಾತ್ರಿ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆರರಲ್ಲಿ ಒಂದು ಮುರಿದಿದ್ದರೂ ಸೆಟ್ ಒಡೆಯದೆ, ಮುರಿದದ್ದನ್ನು ಹೇಳಿಯೇ ಮಾರುವುದು ಒಳ್ಳೆಯದು.

ಕೈವಾರದ ತೂತುಗಳಿಗೆ ಮೇಣ ತುಂಬಬಹುದು. ಆದರೆ ಕೊಳ್ಳುವವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಆ ಗೊಡವೆ ಬೇಡ. ಹೇಗಿದ್ದರೂ ಇನ್ನಷ್ಟು ತೂತು ಬೀಳುವುದಿದೆ.