ಬೋರ್ ನೀರಲ್ಲಿ ಸವಳು ಎಷ್ಟು? ಸಿಲ್ವರ್ ನೈಟ್ರೇಟ್ ಹೇಳೋದೇನು, ಹೇಳದೇ ಬಿಡೋದೇನು

ಮಾಸೂರು: ಬೋರ್ ನೀರು ಬಾಯಿಗಿಟ್ಟ ಕೂಡಲೇ ‘ಸವಳು ಐತಿ’ ಎಂದು ನಾಲಿಗೆ ಹೇಳಿಬಿಡುತ್ತದೆ. ಆದರೆ ಎಷ್ಟು ಸವಳು ಎಂದು ಹೇಳಲು ಅದಕ್ಕಾಗದು. ಆ ಲೆಕ್ಕ ಹೇಳೋದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಕೊಡುವ ನೀರು ಪರೀಕ್ಷೆ ಕಿಟ್‌ನಲ್ಲಿ ಕ್ಲೋರೈಡ್ ಪರೀಕ್ಷೆಯೂ ಇರುತ್ತದೆ. ಅದು ಸಾಮಾನ್ಯವಾಗಿ ನಡೆಯೋದು ಇದರಿಂದಲೇ.

ನೀರು ಬೆಳ್ಳಗಾಗೋದು ಯಾಕೆ?

ಸಿಲ್ವರ್ ನೈಟ್ರೇಟ್ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಅಡುಗೆ ಉಪ್ಪೂ ಕರಗುತ್ತದೆ. ಎರಡೂ ದ್ರಾವಣ ತಿಳಿಯಾಗೇ ಇರುತ್ತವೆ. ಸೇರಿಸಿದರೆ ಮಾತ್ರ ಕ್ಷಣದಲ್ಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಿಯೂ ಉಪ್ಪಿನ ಕ್ಲೋರೈಡೂ ಜೋಡಿಯಾಗಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ಒಂದು ಲೀಟರ್ ನೀರಲ್ಲಿ ಕರಗೋದು ಸುಮಾರು 2 ಮಿಲಿಗ್ರಾಂ ಅಷ್ಟೇ. ಉಳಿದದ್ದು ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ.

ಇದೇ ಕ್ರಿಯೆ ಮತದಾರರ ಬೆರಳಿನ ಮೇಲೂ ನಡೆಯುತ್ತದೆ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಅಳಿಸಲಾಗದ ಶಾಯಿ ಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನೊಂದಿಗೆ ಸೇರಿ ಕರಗದ ಗಸಿಯಾಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗೋದಿಲ್ಲ.

ಅಳೆಯೋದು ಹೇಗೆ?

ಬರೀ ಬಿಳುಪು ನೋಡಿ ಪ್ರಮಾಣ ಹೇಳೋಕಾಗಲ್ಲ. ಅದಕ್ಕೇ ನೀರಿಗೆ ಮೊದಲು ಹಳದಿ ಬಣ್ಣದ ಪೊಟ್ಯಾಸಿಯಂ ಕ್ರೋಮೇಟ್ ಹಾಕುತ್ತಾರೆ. ನಂತರ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡುತ್ತಾರೆ. ಬೆಳ್ಳಿ ಮೊದಲು ಹಿಡಿಯೋದು ಕ್ಲೋರೈಡನ್ನೇ. ಅದು ಮುಗಿದ ಮೇಲಷ್ಟೇ ಕ್ರೋಮೇಟ್ ಜೊತೆ ಸೇರಿ ಇಟ್ಟಿಗೆ ಕೆಂಪಾಗುತ್ತದೆ. ಕೆಂಪು ನಿಂತ ಕೂಡಲೇ ಹನಿ ನಿಲ್ಲಿಸಬೇಕು. ಹನಿ ಹೆಚ್ಚು ಬೇಕಾದಷ್ಟೂ ಕ್ಲೋರೈಡ್ ಹೆಚ್ಚು. ಇದು ಜರ್ಮನಿಯ ಕಾರ್ಲ್ ಫ್ರೆಡರಿಕ್ ಮೋರ್ 1856ರಲ್ಲಿ ಕೊಟ್ಟ ವಿಧಾನ.

ಕುಡಿಯುವ ನೀರಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಒಪ್ಪಬಹುದು. ಕುದಿಸಿದರೆ ಇದು ಕಡಿಮೆಯಾಗಲ್ಲ. ನೀರು ಆವಿಯಾಗಿ, ಉಳಿದ ನೀರಲ್ಲಿ ಉಪ್ಪಿನ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಆರ್‌ಒ ಘಟಕದಲ್ಲಿ ಕಡಿಮೆಯಾಗುತ್ತದೆ.

ಇಲ್ಲೇ ಎಚ್ಚರ ಬೇಕು

ಕ್ಲೋರೈಡ್ ಮಿತಿಯೊಳಗೆ ಬಂತು ಎಂದರೆ ನೀರು ಚಲೋ ಐತಿ ಎಂದರ್ಥವಲ್ಲ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಈ ಹನಿ ಹಿಡಿಯೋದೇ ಇಲ್ಲ. ಸಿಲ್ವರ್ ಕ್ಲೋರೈಡ್ ಕರಗಲ್ಲ, ಆದರೆ ಸಿಲ್ವರ್ ಫ್ಲೋರೈಡ್ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಗಸಿಯೇ ಕಟ್ಟಲ್ಲ, ಏನೂ ಕಾಣಲ್ಲ. ನೈಟ್ರೇಟ್, ರೋಗಾಣುಗಳೂ ಇದಕ್ಕೆ ಸಿಗಲ್ಲ. ಅವಕ್ಕೆಲ್ಲ ಬೇರೆ ಬೇರೆ ಪರೀಕ್ಷೆಗಳಿವೆ.

ಇನ್ನೊಂದು ಮಾತು. ವರ್ಷಗಟ್ಟಲೆ ಒಂದೇ ಮಟ್ಟದಲ್ಲಿದ್ದ ಕ್ಲೋರೈಡ್ ಒಮ್ಮೆಲೇ ಏರಿದರೆ ಹತ್ತಿರದ ಶೌಚಗುಂಡಿ, ಚರಂಡಿ ನೋಡಬೇಕು. ಮೂತ್ರದಲ್ಲಿ ಉಪ್ಪು ಇರೋದರಿಂದ ಕೊಳಚೆ ಸೇರಿದಾಗ ಕ್ಲೋರೈಡ್ ಹೆಚ್ಚುತ್ತದೆ. ಆಗ ರೋಗಾಣು ಪರೀಕ್ಷೆ ತಕ್ಷಣ ಮಾಡಿಸಬೇಕು. ಒಂದು ಸಲದ ಸಂಖ್ಯೆಗಿಂತ ಹಿಂದಿನ ಸಂಖ್ಯೆಗಳ ಜೊತೆ ಹೋಲಿಸಿದಾಗಲೇ ಇದು ಗೊತ್ತಾಗೋದು.

ಪರೀಕ್ಷೆ ಮಾಡಿದ ನೀರನ್ನು ಕುಡಿಯಬಾರದು, ಕೊಡಕ್ಕೆ ವಾಪಸ್ ಸುರಿಯಬಾರದು. ಕ್ರೋಮೇಟ್ ವಿಷಕಾರಿ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಉಳಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕಿಟ್ ಮಕ್ಕಳ ಕೈಗೆ ಸಿಗದಂತಿರಲಿ.

ಗ್ರಾಮ ಪಂಚಾಯತಿಯಲ್ಲಿ ನೀರಿನ ವರದಿ ಕೇಳುವಾಗ ‘ನೀರು ಪಾಸಾ, ಫೇಲಾ’ ಎಂದಷ್ಟೇ ಕೇಳಬೇಡಿ. ಕ್ಲೋರೈಡ್ ಎಷ್ಟು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇವೆಯಾ ಎಂದು ಒಂದೊಂದಾಗಿ ಕೇಳಿ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.