ಹೆಸರು ಬರೆಯದ ಮನಿಯಾರ್ಡರು

ಮನಿಯಾರ್ಡರೆಂಬ ಮಾತನ್ನು ಕೇಳಿದೊಡನೆಯೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಖಾಕಿ ಉಡುಪಿನ ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾನೆ. ರುಜುವನ್ನೋ ಹೆಬ್ಬೆರಳ ಗುರುತನ್ನೋ ಹಾಕಿಸಿಕೊಂಡು ಹಣವನ್ನು ಎಣಿಸಿ ಕೊಡುತ್ತಾನೆ. ಓದಬಾರದವರ ಮನೆಯಾದರೆ ಕೂಪನ್ನಿನ ಎರಡು ಸಾಲು ಕುಶಲವನ್ನೂ ತಾನೇ ಓದಿ ಹೇಳುತ್ತಾನೆ. ಭಾರತದ ಅಂಚೆಯ ಇಲಾಖೆಯು 1880ರಲ್ಲಿ ಕೈಗೊಂಡ ಈ ಏರ್ಪಾಡಿನಲ್ಲಿ, ಹಣ ಯಾರಿಗೆ ಸೇರಬೇಕೆಂಬುದನ್ನು ಬರೆದ ಹೊರತು ಕಚೇರಿಯವರು ಹಣವನ್ನು ಮುಟ್ಟುತ್ತಿರಲಿಲ್ಲ. ಬರೆಯದ ಫಾರಮ್ಮು ಬರಿಯ ಕಾಗದ. ಬೀದಿಯಲ್ಲಿ ಸಿಕ್ಕಿದರೆ ಮಕ್ಕಳು ದೋಣಿ ಮಾಡಿ ಬಿಡಬಹುದಾಗಿತ್ತು.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇದೇ ಹೆಸರು ಬೇರೊಂದು ವಸ್ತುವಿಗೆ ಸಲ್ಲುತ್ತದೆ. ಅಲ್ಲಿ ಪೋಸ್ಟಾಫೀಸಿನ ಕಟಕಟೆಯಲ್ಲಿ ಹಣವನ್ನೂ ಸ್ವಲ್ಪ ಕಮಿಷನ್ನನ್ನೂ ಕೊಟ್ಟರೆ ಮೊಬಲಗನ್ನು ಅಚ್ಚು ಹಾಕಿದ ಒಂದು ಪತ್ರವನ್ನು ಕೈಗೆ ಕೊಡುತ್ತಾರೆ. ಒಂದು ಪತ್ರಕ್ಕೆ 1000 ಡಾಲರು ಮಿತಿ. ಪಡೆಯತಕ್ಕವರ ಹೆಸರಿನ ಜಾಗ ಖಾಲಿ. ಅದನ್ನು ಕೊಂಡವನೇ ತುಂಬಿಕೊಳ್ಳಬೇಕು. ಅಂತರ್ಯುದ್ಧದ ನಡುವೆ, 1864ರಲ್ಲಿ, ಸಿಪಾಯಿಗಳು ತಮ್ಮ ಸಂಬಳವನ್ನು ಕಳವಿನ ಭಯವಿಲ್ಲದೆ ಮನೆಗೆ ಕಳುಹಿಸಲೆಂದು ಹುಟ್ಟಿದ ಈ ಪದ್ಧತಿ ಇಂದಿಗೂ ಅಲ್ಲಿ ನಡೆದುಬಂದಿದೆ. ಅಷ್ಟು ಐಶ್ವರ್ಯವಂತ ದೇಶದಲ್ಲಿ ಇದೇಕೆ ಉಳಿಯಿತೆಂದು ಕೇಳಬಹುದು. 2023ರ ಸರಕಾರಿ ಗಣನೆಯ ಮೇರೆಗೆ ಅಲ್ಲಿ ಶೇಕಡ 4.2ರಷ್ಟು ಸಂಸಾರಗಳಿಗೆ, ಎಂದರೆ ಸುಮಾರು 56 ಲಕ್ಷ ಸಂಸಾರಗಳಿಗೆ, ಬ್ಯಾಂಕಿನಲ್ಲಿ ಲೆಕ್ಕವೇ ಇರಲಿಲ್ಲ. ಲೆಕ್ಕವಿಲ್ಲದವನು ಚೆಕ್ಕನ್ನು ಬರೆಯಲಾರ. ಮನೆಯೊಡೆಯನು ನಗದನ್ನು ಬೇಡವೆನ್ನಬಹುದು. ಆಗ ತಿಂಗಳ ಬಾಡಿಗೆಗೆ ಈ ಪತ್ರವೇ ಗತಿ.

ಈ ವಿಷಯವನ್ನು ನಾವು ಎತ್ತಿಕೊಳ್ಳಲು ಕಾರಣವುಂಟು. ನ್ಯೂಯಾರ್ಕು ನಗರದಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ, ಅವನಿರುವ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, 600 ಡಾಲರಿನ ಇಂತಹ ಪತ್ರವೊಂದು ಸಿಕ್ಕಿತು. ಹೆಸರಿನ ಜಾಗದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಒಬ್ಬ ಸ್ನೇಹಿತನು, ನಿನ್ನ ಹೆಸರನ್ನು ಬರೆದುಕೋ ಎಂದನಂತೆ. ಮತ್ತೊಬ್ಬನು, ನಮಗೇಕೆ ಗೋಜು, ಹರಿದುಬಿಡು ಎಂದನಂತೆ. ಏನು ಮಾಡಲೆಂದು ನಮ್ಮನ್ನು ಕೇಳಿ ಬರೆದನು.

ಮೊದಲನೆಯ ಸ್ನೇಹಿತನ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ: ಹೆಸರಿಲ್ಲದ ವಸ್ತುವಿಗೆ ಒಡೆಯನಿಲ್ಲ. ಆದರೆ ಖಾಲಿಯಿರುವುದು ಹಣವನ್ನು ಪಡೆಯತಕ್ಕವರ ಹೆಸರು. ಹಣವನ್ನು ಕೊಟ್ಟವರ ಹಕ್ಕು ಅದರಿಂದ ಖಾಲಿಯಾಗುವುದಿಲ್ಲ. ಪ್ರತಿಯೊಂದು ಪತ್ರಕ್ಕೂ ಹನ್ನೊಂದು ಅಂಕಿಗಳ ಒಂದು ಸಂಖ್ಯೆಯುಂಟು. ಅದೇ ಸಂಖ್ಯೆಯ ರಸೀತಿಯು ಕೊಂಡವರ ಹತ್ತಿರ ಇರುತ್ತದೆ. ಪತ್ರವನ್ನು ಕಳೆದುಕೊಂಡವರು ಆ ರಸೀತಿಯನ್ನು ತೋರಿಸಿ ದೂರು ಕೊಡಬಹುದು. ಹಣ ಪಾವತಿಯಾಗಿದೆಯೇ ಇಲ್ಲವೇ ಎಂಬುದನ್ನು ಸಂಖ್ಯೆಯಿಂದ ವಿಚಾರಿಸಬಹುದು. ಸಿಕ್ಕಿದವನು ತನ್ನ ಹೆಸರನ್ನು ಬರೆದು ಹಣ ಪಡೆದನೆಂದರೆ, ಕದ್ದವರು ಯಾರೆಂಬುದನ್ನು ತನ್ನ ಕೈಬರಹದಲ್ಲಿಯೇ ಬರೆದುಕೊಟ್ಟಂತಾಯಿತು. ಇನ್ನೂ ಒಂದು ಅಪಾಯವಿದೆ. ಆ ದೇಶದಲ್ಲಿ ಖೋಟಾ ಮನಿಯಾರ್ಡರುಗಳೂ ಸಂಚರಿಸುತ್ತವೆ. ಸಾಚಾ ಪತ್ರವನ್ನು ಬೆಳಕಿಗೆ ಹಿಡಿದರೆ ಬೆಂಜಮಿನ್ ಫ್ರಾಂಕ್ಲಿನ್ನನ ಮುಖದ ನೀರಚ್ಚು ಕಾಣಬೇಕು. ಖೋಟಾ ಪತ್ರವನ್ನು ಬ್ಯಾಂಕಿಗೆ ಕಟ್ಟಿದರೆ, ಮೊದಲು ಜಮಾ ಆದ ಹಣವನ್ನು ಬ್ಯಾಂಕಿನವರು ಆಮೇಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಎರಡನೆಯ ಸ್ನೇಹಿತನು ದುಷ್ಟನಲ್ಲ, ಸೋಮಾರಿ. ರಸೀತಿಯಿದ್ದರೆ ಒಡೆಯನಿಗೆ ಹೇಗೂ ಹಣ ಬರುತ್ತದೆಯಲ್ಲ ಎಂಬುದು ಅವನ ಎಣಿಕೆಯಾಗಿರಬಹುದು. ಆದರೆ ಅಲ್ಲಿನ ಅಂಚೆಯವರೇ ಹೇಳುವಂತೆ, ಕಳವೋ ನಷ್ಟವೋ ಎಂದು ಖಚಿತವಾಗುವುದಕ್ಕೆ 30 ದಿನ, ವಿಚಾರಣೆ ಮುಗಿಯುವುದಕ್ಕೆ 60 ದಿನಗಳವರೆಗೆ ಹಿಡಿಯಬಹುದು. ಬಾಡಿಗೆಯ ಗಡುವು ಅಷ್ಟು ದಿನ ಕಾಯುವುದಿಲ್ಲ. ರಸೀತಿಯೂ ಪತ್ರದೊಡನೆಯೇ ಕಳೆದಿದ್ದರಂತೂ ಕಷ್ಟ ಹೆಚ್ಚು. ಒಂದೇ ದಿನದಲ್ಲಿ 3000 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟು ಕೊಂಡವರಿಂದ ಮಾತ್ರ ಪೋಸ್ಟಾಫೀಸಿನವರು ಹೆಸರು ವಿಳಾಸಗಳ ಫಾರಮ್ಮನ್ನು ಬರೆಯಿಸಿಕೊಳ್ಳುತ್ತಾರೆ. 600 ಡಾಲರು ಕೊಟ್ಟವನ ಮುಖವನ್ನು ಗುಮಾಸ್ತನು ಮರೆತನೆಂದರೆ ಕಚೇರಿಗೆ ತಿಳಿದಿರುವುದು ಸಂಖ್ಯೆಯೊಂದೇ. ಹೀಗಿರುವಾಗ, ಹರಿದ ಕಾಗದದೊಡನೆ ಬಡವನ ಕೊನೆಯ ಸಾಕ್ಷಿಯೂ ಹರಿದುಹೋದೀತು.

ಆದುದರಿಂದ ನಾವು ಅವನಿಗೆ ಬರೆದುದು ಇಷ್ಟು. ಪತ್ರದ ಮೇಲೆ ಏನನ್ನೂ ಬರೆಯಕೂಡದು; ಒಡೆಯನ ಹೆಸರು ಊಹೆಗೆ ನಿಲುಕಿದರೂ ಬರೆಯಕೂಡದು, ಏಕೆಂದರೆ ತಿದ್ದಿದ, ಅಳಿಸಿದ ಪತ್ರಕ್ಕೆ ಹಣ ಕೊಡುವುದಿಲ್ಲ. ಸಂಖ್ಯೆ, ತಾರೀಖು, ಮೊಬಲಗುಗಳನ್ನು ಬೇರೆ ಕಡೆ ಗುರುತು ಮಾಡಿಟ್ಟುಕೊಳ್ಳಬೇಕು. ಸಿಕ್ಕಿದ ಸ್ಥಳದಲ್ಲಿ ಒಂದು ಪ್ರಕಟಣೆಯನ್ನು ಅಂಟಿಸಬಹುದು. ಆದರೆ ಅದರಲ್ಲಿ ಮೊಬಲಗನ್ನಾಗಲಿ ಸಂಖ್ಯೆಯನ್ನಾಗಲಿ ಹೇಳಿದರೆ ಕಟ್ಟಡದವರೆಲ್ಲರೂ ಒಡೆಯರಾಗುತ್ತಾರೆ. ಒಂದು ಕಾಗದ ಸಿಕ್ಕಿದೆ ಎಂದಷ್ಟೇ ಬರೆದು, ಬಂದವರ ಬಾಯಿಂದ ಮೊಬಲಗನ್ನು ಹೇಳಿಸಿ, ರಸೀತಿಯ ಸಂಖ್ಯೆಯನ್ನು ತಾಳೆ ನೋಡಬೇಕು. ಯಾರೂ ಬಾರದಿದ್ದರೆ? ನ್ಯೂಯಾರ್ಕು ಸಂಸ್ಥಾನದ ಕಾನೂನು 20 ಡಾಲರಿಗೆ ಕಡಮೆಯಲ್ಲದ ಸಿಕ್ಕಿದ ಸೊತ್ತನ್ನು ಹತ್ತು ದಿನಗಳೊಳಗೆ ಒಡೆಯನಿಗೆ ಹಿಂದಿರುಗಿಸಬೇಕು, ಇಲ್ಲವೇ ಪೋಲೀಸು ಠಾಣೆಗೆ ಒಪ್ಪಿಸಬೇಕೆನ್ನುತ್ತದೆ. ಒಪ್ಪಿಸಿದುದಕ್ಕೆ ರಸೀತಿಯನ್ನು ಪಡೆದು, ಪೋಸ್ಟಾಫೀಸಿಗೂ ತಿಳಿಸಿದರಾಯಿತು. ಅಂಗಡಿಗಳಲ್ಲಿ ಖಾಸಗಿ ಕಂಪೆನಿಗಳು ಮಾರುವ ಪತ್ರವಾಗಿದ್ದರೆ, ಅದರ ಮೇಲೆಯೇ ಅಚ್ಚಾಗಿರುವ ಕಂಪೆನಿಗೆ ಸುದ್ದಿ ಮುಟ್ಟಿಸಬೇಕು.

ನಮ್ಮ ಊರಿನಲ್ಲಿ ಇದಕ್ಕೆ ಹತ್ತಿರದ ವಸ್ತುವೆಂದರೆ ಪೋಸ್ಟಲ್ ಆರ್ಡರು. 2005ರ ಮಾಹಿತಿ ಹಕ್ಕಿನ ಕಾನೂನಿನ ಅರ್ಜಿಗೆ ಹತ್ತು ರೂಪಾಯಿಯ ಶುಲ್ಕವನ್ನು ಕಟ್ಟಲು ಅದನ್ನು ಕೊಂಡವರು ನಮ್ಮ ಶ್ರೋತೃಗಳಲ್ಲಿಯೂ ಇರಬಹುದು. ಅದರಲ್ಲಿಯೂ ಹೆಸರಿನ ಜಾಗವನ್ನು ಕೊಂಡವರೇ ತುಂಬಬೇಕು. ಬೀದಿಯಲ್ಲಿ ಸಿಕ್ಕಿದರೆ, ಮಾರಿದ ಪೋಸ್ಟಾಫೀಸಿನ ಮೊಹರನ್ನು ನೋಡಿ ಅಲ್ಲಿಗೆ ಕೊಡುವುದು ಸುಲಭ. 1860ರ ದಂಡಸಂಹಿತೆಯು ಇಂತಹ ಸಂದರ್ಭಕ್ಕೆ ಸೊಗಸಾದ ಒಂದು ದೃಷ್ಟಾಂತವನ್ನು ಕೊಟ್ಟಿತ್ತು. ಅದರ ಸ್ಥಾನಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯಸಂಹಿತೆಯ 314ನೆಯ ಕಲಮೂ ಅದನ್ನು ಉಳಿಸಿಕೊಂಡಿದೆ. ತಂದವರಿಗೆ ಹಣ ಸಲ್ಲುವ ಚೆಕ್ಕೊಂದು ಒಬ್ಬನಿಗೆ ಸಿಕ್ಕುತ್ತದೆ. ಕಳೆದುಕೊಂಡವನು ಯಾರೆಂದು ಅವನಿಗೆ ತಿಳಿಯದು. ಆದರೆ ಚೆಕ್ಕನ್ನು ಬರೆದವನ ಹೆಸರು ಅದರ ಮೇಲಿದೆ, ಅವನನ್ನು ಕೇಳಿದರೆ ಒಡೆಯನು ತಿಳಿಯುತ್ತಾನೆ. ಕೇಳದೆಯೇ ಹಣವನ್ನು ನುಂಗಿದವನು ಅಪರಾಧಿ. ರಸ್ತೆಯಲ್ಲಿ ಯಾರದೆಂದು ತಿಳಿಯದ ರೂಪಾಯಿಯನ್ನು ಎತ್ತಿಕೊಂಡವನನ್ನು ಅದೇ ಕಲಮು ಅಪರಾಧಿಯೆನ್ನುವುದಿಲ್ಲ. ರೂಪಾಯಿಗೆ ಬಾಯಿಲ್ಲ, ಚೆಕ್ಕಿಗೆ ಬಾಯುಂಟು. ಮನಿಯಾರ್ಡರಿನ ಸಂಖ್ಯೆಯೂ ಅಂತಹುದೇ ಒಂದು ಬಾಯಿ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ಕಾನೂನು ಸಿಕ್ಕಿದವನ ವಿಷಯದಲ್ಲಿ ನಿರ್ದಯವೂ ಅಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಕಳೆದುಕೊಂಡವನು ಇಂತಿಷ್ಟು ಇನಾಮು ಕೊಡುವೆನೆಂದು ಸಾರಿದ್ದರೆ ಅದನ್ನು ದಾವೆ ಹಾಕಿಯೂ ಪಡೆಯಬಹುದು.

ನಮ್ಮ ವಿದ್ಯಾರ್ಥಿಗೆ ಇನಾಮಿನ ಪ್ರಶ್ನೆ ಬರಲಿಲ್ಲ. ಪ್ರಕಟಣೆಯನ್ನು ಅಂಟಿಸಿದ ಮೂರನೆಯ ದಿನ ನಾಲ್ಕನೆಯ ಅಂತಸ್ತಿನ ಮುದುಕಿಯೊಬ್ಬರು ಮಡಿಸಿ ಮಡಿಸಿ ಸವೆದ ರಸೀತಿಯನ್ನು ಹಿಡಿದು ಬಂದರಂತೆ. ಸಂಖ್ಯೆ ಸರಿಹೋಯಿತು. ಅವನ ಲೇಖನಿಯನ್ನೇ ಕೇಳಿ ತೆಗೆದುಕೊಂಡು, ಬಾಗಿಲಲ್ಲಿ ನಿಂತಂತೆಯೇ ಮನೆಯೊಡೆಯನ ಹೆಸರನ್ನು ಬರೆದು, ಆಮೇಲೆ ಮೆಟ್ಟಿಲು ಹತ್ತಿದರಂತೆ.