ಈ ಕೆಂಪು ಯಾವ ಕೆಂಪು?



ಕೆಲವು ವರ್ಷಗಳ ಹಿಂದೆ ಇಳಕಲ್ ಸೀರೆಯ ನೇಯ್ಗೆಯನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ನಮ್ಮ ತಂಡ ಬಾಗಲಕೋಟೆ ಜಿಲ್ಲೆಗೆ ಹೋಗಿತ್ತು. ಕೆಲಸ ಮುಗಿದ ಮೇಲೆ ಹಿರಿಯ ನೇಕಾರರೊಬ್ಬರು, ದೂರದ ಗಿರಾಕಿಗಳಿಗೆ ಕಳಿಸಲು ತಮ್ಮ ಸೀರೆಗಳ ಫೋಟೋ ಬೇಕೆಂದರು. ನಾನೇ ತೆಗೆದೆ, ಕಂಪ್ಯೂಟರಿನಲ್ಲಿ ತಿದ್ದಿದೆ, ಕಳಿಸಿಕೊಟ್ಟೆ. ವಾರದೊಳಗೆ ಅವರ ಫೋನು ಬಂತು. "ಸರ್, ಸೆರಗಿನ ಕೆಂಪು ಮಾಸಿದಂಗ ಕಾಣಾಕತ್ತೈತ್ರಿ. ಹಳೇ ಸೀರಿ ಏನ್ರಿ ಅಂತ ಗಿರಾಕಿ ಕೇಳ್ತಾರ." ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಅದೇ ಫೋಟೋದಲ್ಲಿ ಸೆರಗು ಕೆಂಡದಂತೆ ಕೆಂಪಗಿತ್ತು! ಫೋಟೋ ಒಂದೇ, ಕೆಂಪು ಮಾತ್ರ ಎರಡು. ಇದು ಹೇಗೆ ಸಾಧ್ಯ?

ಉತ್ತರ ತಿಳಿಯಬೇಕಾದರೆ ಮೊದಲು ಒಂದು ಮಾತನ್ನು ನೆನಪಿಡಬೇಕು. ಡಿಜಿಟಲ್ ಫೋಟೋದ ಫೈಲಿನಲ್ಲಿ ಬಣ್ಣವೇ ಇರುವುದಿಲ್ಲ. ಇರುವುದು ಸಂಖ್ಯೆಗಳು ಮಾತ್ರ. ಚಿತ್ರದ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು. ಸಾಮಾನ್ಯವಾಗಿ ಒಂದೊಂದೂ 0 ಯಿಂದ 255 ರವರೆಗೆ, ಅಂದರೆ 256 ಮೆಟ್ಟಿಲುಗಳು. ಮೂರನ್ನೂ ಬೆರೆಸಿದರೆ 1,67,77,216 ಬಗೆಯ ಬಣ್ಣಗಳನ್ನು ಗುರುತಿಸಬಹುದು.

ಸರಿ, ಹಾಗಾದರೆ 255 ಎಂದರೆ ಎಷ್ಟು ಕೆಂಪು? ಸ್ವಾರಸ್ಯ ಇರುವುದು ಇಲ್ಲಿಯೇ. ಮೆಟ್ರಿಕ್ ಪದ್ಧತಿ ಬರುವ ಮೊದಲು ನಮ್ಮ ಊರುಗಳಲ್ಲಿ ಸೇರು ಎಂಬ ಅಳತೆ ಇತ್ತು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಾಗಿರಲಿಲ್ಲ. 'ಐದು ಸೇರು ಅಕ್ಕಿ' ಎಂದರೆ ಸಾಲದು, ಯಾವ ಊರಿನ ಸೇರು ಎಂದೂ ಹೇಳಬೇಕಿತ್ತು. ಬಣ್ಣದ ಸಂಖ್ಯೆಗಳಿಗೂ ಹೀಗೆಯೇ ಬೇರೆ ಬೇರೆ ಅಳತೆಗಳಿವೆ. 1996 ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ಸೂಚಿಸಿದ ಅಳತೆ ಎಸ್‌ಆರ್‌ಜಿಬಿ. 1998 ರಲ್ಲಿ ಬಂದ ಅಡೋಬ್ ಆರ್‌ಜಿಬಿ ಇನ್ನೂ ವಿಶಾಲವಾದದ್ದು. ಮುದ್ರಣದ ಕೆಲಸದವರಿಗೆ ಅನುಕೂಲವಾದದ್ದು. ಇತ್ತೀಚಿನ ಅನೇಕ ಮೊಬೈಲ್ ಫೋನುಗಳು ಡಿಸ್‌ಪ್ಲೇ ಪಿ3 ಎಂಬ ಮತ್ತೊಂದು ಅಳತೆಯನ್ನು ಬಳಸುತ್ತವೆ.

ಎಸ್‌ಆರ್‌ಜಿಬಿಯಲ್ಲಿ 255, 0, 0 ಎಂದು ಬರೆಯುವ ಅಚ್ಚ ಕೆಂಪನ್ನು ಅಡೋಬ್ ಆರ್‌ಜಿಬಿಯಲ್ಲಿ 219, 0, 0 ಎಂದು ಬರೆಯಬೇಕು. ಎರಡೂ ಒಂದೇ ಕೆಂಪು. ಈ ಸಂಖ್ಯೆಗಳು ಯಾವ ಅಳತೆಯವು ಎಂದು ತಿಳಿಸಲು ಫೈಲಿನೊಳಗೆ ಒಂದು ಚೀಟಿ ಇರುತ್ತದೆ. ಅದರ ಹೆಸರು ಪ್ರೊಫೈಲ್. ನಾನು ಸೀರೆಯ ಚಿತ್ರವನ್ನು ಅಡೋಬ್ ಆರ್‌ಜಿಬಿಯಲ್ಲಿ ತಿದ್ದಿ, ಉಳಿಸುವಾಗ ಪ್ರೊಫೈಲ್ ಸೇರಿಸುವ ಗುರುತನ್ನು ಹಾಕದೆ ಬಿಟ್ಟಿದ್ದೆ. ಚೀಟಿ ಇಲ್ಲದ ಫೈಲನ್ನು ಸಾಮಾನ್ಯವಾಗಿ ಎಲ್ಲ ಕಡೆಯೂ ಎಸ್‌ಆರ್‌ಜಿಬಿ ಎಂದೇ ಓದುತ್ತಾರೆ. ಗಿರಾಕಿಯ ಫೋನು 219 ನ್ನು 219 ಎಂದೇ ಓದಿತು. 255 ಆಗಬೇಕಾಗಿದ್ದ ಕೆಂಪು ಮಂಕಾಯಿತು. ನನ್ನ ಕಂಪ್ಯೂಟರು ಮಾತ್ರ ತನ್ನ ಹಳೆಯ ಅಳತೆಯಲ್ಲೇ ಓದುತ್ತಿದ್ದುದರಿಂದ ತಪ್ಪು ನನಗೆ ಕಾಣಲೇ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಬೇರೆಯವರಿಗೆ ಕಳಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲ್ ಸಹಿತ ಉಳಿಸಬೇಕು. ಇಲ್ಲೊಂದು ಎಚ್ಚರಿಕೆ. ತಿದ್ದುವ ತಂತ್ರಾಂಶಗಳಲ್ಲಿ 'ಕನ್ವರ್ಟ್' ಮತ್ತು 'ಅಸೈನ್' ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದು ಬಣ್ಣವನ್ನು ಹಾಗೆಯೇ ಇಟ್ಟು, ಸಂಖ್ಯೆಯನ್ನು ಹೊಸ ಅಳತೆಗೆ ಲೆಕ್ಕ ಹಾಕಿ ಬರೆಯುತ್ತದೆ. ಎರಡನೆಯದು ಸಂಖ್ಯೆಯನ್ನು ಮುಟ್ಟದೆ ಚೀಟಿಯನ್ನಷ್ಟೇ ಬದಲಿಸುತ್ತದೆ. ಆಗ ಬಣ್ಣವೇ ಬೇರೆಯಾಗುತ್ತದೆ. ನಮಗೆ ಬೇಕಾದದ್ದು ಮೊದಲನೆಯದು.

ಆದರೆ ಫೋಟೋ ತೆಗೆಯುವಾಗಲೇ ಬಣ್ಣ ತಪ್ಪಿದ್ದರೆ ಚೀಟಿ ಏನು ಮಾಡೀತು? ಬೆಚ್ಚನೆಯ ಬಣ್ಣದ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್. ನಡುಹಗಲಿನ ಬಿಸಿಲು ಸುಮಾರು 5,500 ಕೆಲ್ವಿನ್. ಬಲ್ಬಿನ ಕೆಳಗೆ ಬಿಳಿಯ ಪಂಚೆ ಹಳದಿಯಾಗಿದ್ದರೂ ನಮ್ಮ ಮಿದುಳು ಅದನ್ನು ಬಿಳಿ ಎಂದೇ ಒಪ್ಪಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಜಾಣ್ಮೆ ಇಲ್ಲ. ಅದರ ಊಹೆ ಆಗಾಗ ತಪ್ಪುತ್ತದೆ. ಆದ್ದರಿಂದಲೇ ಟೆಲಿವಿಷನ್ನಿನ ಕ್ಯಾಮೆರಾದವರು ಚಿತ್ರೀಕರಣಕ್ಕೆ ಮೊದಲು ಬಿಳಿಯ ಹಾಳೆಯೊಂದನ್ನು ಹಿಡಿದು 'ಇದು ಬಿಳಿ' ಎಂದು ಕ್ಯಾಮೆರಾಕ್ಕೆ ತೋರಿಸಿಕೊಡುತ್ತಾರೆ. ನೀವೂ ಒಂದು ಫೋಟೋದಲ್ಲಿ ವಸ್ತುವಿನ ಪಕ್ಕ ಬಿಳಿ ಹಾಳೆ ಇಟ್ಟುಕೊಳ್ಳಿ. ತಿದ್ದುವಾಗ ಆ ಹಾಳೆಯನ್ನು ಬಿಳಿಯಾಗಿಸಿದರೆ ಉಳಿದ ಬಣ್ಣಗಳು ಬಹುಮಟ್ಟಿಗೆ ತಮ್ಮ ಜಾಗಕ್ಕೆ ಬರುತ್ತವೆ.

ಇನ್ನು ಫೋಟೋ ನೋಡುವ ಪರದೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೌಲಭ್ಯ ಫೋನುಗಳಲ್ಲೂ ಕಂಪ್ಯೂಟರುಗಳಲ್ಲೂ ಇದೆ. ಬಣ್ಣ ತಿದ್ದುವಾಗ ಅದನ್ನು ನಿಲ್ಲಿಸಿ. ಇಲ್ಲವಾದರೆ ಪರದೆಯ ಹಳದಿಯನ್ನು ಚಿತ್ರದ ಹಳದಿ ಎಂದು ತಿಳಿದು, ಇಲ್ಲದ ದೋಷವನ್ನು ತಿದ್ದಲು ಹೊರಡುತ್ತೀರಿ. ಬಣ್ಣ ಕಡುವಾಗಲೆಂದು ಆಸೆಪಟ್ಟು ಕೆಂಪನ್ನು ಏರಿಸುತ್ತಲೇ ಹೋಗಬೇಡಿ. ಚುಕ್ಕೆಗಳೆಲ್ಲ 255 ಕ್ಕೆ ಬಂದು ನಿಂತರೆ ಅವುಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಸೀರೆಯ ಮಡಿಕೆಯೂ ಎಳೆಯೂ ಮಾಯವಾಗುತ್ತವೆ.

ಕೊನೆಯದಾಗಿ ಉಳಿಸುವ ವಿಚಾರ. ಹೆಚ್ಚಿನ ಫೋಟೋಗಳು ಜೆಪೆಗ್ ರೂಪದಲ್ಲಿರುತ್ತವೆ. ಫೈಲು ಚಿಕ್ಕದಾಗಲೆಂದು ಜೆಪೆಗ್ ಕೆಲವು ವಿವರಗಳನ್ನು ಕೈಬಿಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗಮನಿಸಿದಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗಮನಿಸುವುದಿಲ್ಲ. ಆದ್ದರಿಂದ ಹೆಚ್ಚಾಗಿ ಕತ್ತರಿ ಬೀಳುವುದು ಬಣ್ಣದ ವಿವರಕ್ಕೇ. ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಗಳ ಅಂಚು ಕದಡಿದಂತೆ ಕಾಣುವುದು ಇದರಿಂದಲೇ. ತೆರೆದು, ತಿದ್ದಿ, ಮತ್ತೆ ಉಳಿಸಿದಾಗಲೆಲ್ಲ ಇನ್ನಷ್ಟು ನಷ್ಟ. ಆದ್ದರಿಂದ ಮೂಲ ಫೋಟೋವನ್ನು ಎಂದೂ ತಿದ್ದಬೇಡಿ. ಪ್ರತಿ ಮಾಡಿ ತಿದ್ದಿ. ಕೆಲಸ ಮುಗಿಯುವ ತನಕ ನಷ್ಟವಿಲ್ಲದ ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿಡಿ. ಕಳಿಸುವಾಗ ಒಮ್ಮೆ ಮಾತ್ರ ಜೆಪೆಗ್ ಮಾಡಿ.

ನಾನು ಮೂಲ ಫೋಟೋಗಳನ್ನು ಉಳಿಸಿಕೊಂಡಿದ್ದೆ. ಅವುಗಳಿಂದ ಹೊಸ ಪ್ರತಿಗಳನ್ನು ಮಾಡಿ ಕಳಿಸಿದೆ. "ಈಗ ಬಂತು ನೋಡ್ರಿ ನಮ್ಮ ಕೆಂಪು" ಎಂದರು ಆ ಹಿರಿಯರು. ಆದರೆ ಆ ಗಿರಾಕಿ ಅಷ್ಟರಲ್ಲಿ ಬೇರೆ ಕಡೆ ಸೀರೆ ಕೊಂಡಾಗಿತ್ತು. ಒಂದು ಸೀರೆಯ ಹಿಂದಿನ ಎಷ್ಟೋ ದಿನಗಳ ದುಡಿಮೆಗೆ ನನ್ನ ಅಜಾಗರೂಕತೆ ಅಡ್ಡಬಂದಿತ್ತು.

ನೀವೂ ಒಂದು ಪ್ರಯೋಗ ಮಾಡಿ ನೋಡಿ. ಮನೆಯಲ್ಲಿರುವ ಕೆಂಪು ಬಟ್ಟೆಯೊಂದನ್ನು ಬಿಳಿ ಹಾಳೆಯ ಪಕ್ಕದಲ್ಲಿಟ್ಟು, ಒಮ್ಮೆ ಬಲ್ಬಿನ ಕೆಳಗೆ, ಒಮ್ಮೆ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಎರಡನ್ನೂ ಹಾಳೆ ಬಿಳಿಯಾಗುವಂತೆ ತಿದ್ದಿ, ಎಸ್‌ಆರ್‌ಜಿಬಿಯಲ್ಲಿ ಉಳಿಸಿ, ಗೆಳೆಯರ ಫೋನಿಗೆ ಕಳಿಸಿ. ಆಮೇಲೆ ಬಟ್ಟೆಯನ್ನೇ ಅವರ ಮನೆಗೆ ಒಯ್ದು, ಹಗಲು ಬೆಳಕಿನಲ್ಲಿ ಆ ಪರದೆಯ ಪಕ್ಕ ಹಿಡಿದು ನೋಡಿ.